ವಿ. ಎನ್. ಶಿರೋಡ್ಕರ್

ಡಾ. ವಿಠ್ಠಲ ನಾಗೇಶ ಶಿರೋಡ್ಕರ್ (27 ಏಪ್ರಿಲ್ 1899 – 7 ಮಾರ್ಚ್ 1971) ಭಾರತದ ಸುಪ್ರಸಿದ್ಧ ಪ್ರಸೂತಿ ಹಾಗೂ ಸ್ತ್ರೀರೋಗ ಶಸ್ತ್ರವೈದ್ಯರು. ಗರ್ಭಕಂಠದ 'ಶಿರೋಡ್ಕರ್ ಹೊಲಿಗೆ' ಮತ್ತು ಜಾರಿದ ಗರ್ಭಕೋಶವನ್ನು ಎತ್ತಿ ನಿಲ್ಲಿಸುವ 'ಶಿರೋಡ್ಕರ್ ಸ್ಲಿಂಗ್' ಎಂಬ ಶಸ್ತ್ರಚಿಕಿತ್ಸೆಗಳು ಇವರ ಹೆಸರಿನಿಂದಲೇ ಪ್ರಸಿದ್ಧವಾಗಿವೆ.

ಜನನ ಮತ್ತು ವಿದ್ಯಾಭ್ಯಾಸ

ಶಿರೋಡ್ಕರ್ ಅವರು ಗೋವೆಯ ಶಿರೋಡಾ ಗ್ರಾಮದಲ್ಲಿ ಜನಿಸಿದರು. ಹುಬ್ಬಳ್ಳಿಯಲ್ಲಿ ಶಾಲಾ ವಿದ್ಯಾಭ್ಯಾಸವನ್ನು ಮುಗಿಸಿ, ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜನ್ನು ಸೇರಿದರು. 1927ರಲ್ಲಿ ಎಂ.ಡಿ. ಪದವಿಯನ್ನೂ 1931ರಲ್ಲಿ ಇಂಗ್ಲೆಂಡಿನಲ್ಲಿ ಎಫ್.ಆರ್.ಸಿ.ಎಸ್. ಪದವಿಯನ್ನೂ ಪಡೆದರು. ಸ್ವದೇಶಕ್ಕೆ ಮರಳಿದ ಬಳಿಕ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ಮುಂದೆ ತಾವು ಓದಿದ ಕಾಲೇಜಿನಲ್ಲಿಯೇ ಪ್ರಾಧ್ಯಾಪಕರಾದರು.

ಗರ್ಭಕಂಠದ ಹೊಲಿಗೆ

ಕೆಲವು ಸ್ತ್ರೀಯರಲ್ಲಿ ಗರ್ಭಕಂಠವು ದುರ್ಬಲವಾಗಿದ್ದು, ನೋವಿಲ್ಲದೆಯೇ ಅಕಾಲದಲ್ಲಿ ತೆರೆದುಕೊಳ್ಳುತ್ತದೆ. ಇದರಿಂದ ನಾಲ್ಕು, ಐದು ತಿಂಗಳ ಗರ್ಭವು ಮತ್ತೆ ಮತ್ತೆ ನಷ್ಟವಾಗುತ್ತದೆ. ಶಿರೋಡ್ಕರ್ ಅವರು ರೋಗಿಯ ತೊಡೆಯ ಹೊರಬದಿಯಲ್ಲಿರುವ ಫೇಶಿಯಾ ಲಾಟಾ ಎಂಬ ಗಟ್ಟಿ ಪೊರೆಯಿಂದ ಕಿರಿದಾದ ಪಟ್ಟಿಯನ್ನು ತೆಗೆದು, ಗರ್ಭಕಂಠದ ಸುತ್ತ ಬಿಗಿಯುವ ವಿಧಾನವನ್ನು ರೂಪಿಸಿ 1955ರಲ್ಲಿ ಪ್ರಕಟಿಸಿದರು. ತರುವಾಯ ಆ ಪಟ್ಟಿಯ ಸ್ಥಾನಕ್ಕೆ ಮರ್ಸಿಲೀನ್ ಎಂಬ ಪಾಲಿಯೆಸ್ಟರ್ ಪಟ್ಟಿಯು ಬಂದಿತು.

ಸ್ಲಿಂಗ್ ಶಸ್ತ್ರಚಿಕಿತ್ಸೆ

ಗರ್ಭಕೋಶವು ಜಾರಿದಾಗ ಅದನ್ನು ತೆಗೆದುಹಾಕಿದರೆ ಸ್ತ್ರೀಯು ಮತ್ತೆ ತಾಯಿಯಾಗಲಾರಳು. ಆದುದರಿಂದ ಶಿರೋಡ್ಕರ್ ಅವರು ಚಿಕ್ಕ ವಯಸ್ಸಿನವರಿಗಾಗಿ, ಗರ್ಭಕಂಠದ ಹಿಂಭಾಗವನ್ನು ಪಟ್ಟಿಯ ಮೂಲಕ ಬೆನ್ನೆಲುಬಿನ ಕೆಳಭಾಗದ ತ್ರಿಕಾಸ್ಥಿಗೆ ಬಂಧಿಸಿ ಗರ್ಭಕೋಶವನ್ನು ಉಳಿಸಿಕೊಳ್ಳುವ ಕ್ರಮವನ್ನು ಆಚರಣೆಗೆ ತಂದರು.

ಪಟ್ಟಿಯ ಆಯ್ಕೆ

ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವ ತೊಂದರೆಗೂ ಮೂತ್ರನಾಳದ ಕೆಳಗೆ ಇಂತಹುದೇ ಆಧಾರಪಟ್ಟಿಯನ್ನು ಇಡುವ ಪದ್ಧತಿಯುಂಟು. 1942ರಲ್ಲಿ ಅಮೆರಿಕದ ಆಲ್ಡ್ರಿಜ್ ಅವರು ಇದಕ್ಕೆ ಹೊಟ್ಟೆಯ ಗೋಡೆಯ ಪೊರೆಯನ್ನು ಬಳಸಿದರು. 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಮ್‌ಸ್ಟೆನ್ ಅವರು ಪಾಲಿಪ್ರೊಪಿಲೀನ್ ಜಾಲರಿಯ ಪಟ್ಟಿಯನ್ನು ಬಳಕೆಗೆ ತಂದರು. ಸ್ವಂತ ಪೊರೆಯನ್ನು ದೇಹವು ತಿರಸ್ಕರಿಸುವುದಿಲ್ಲ. ಆದರೆ ಅದನ್ನು ತೆಗೆಯಲು ಇನ್ನೊಂದು ಗಾಯ ಮಾಡಬೇಕಾಗುತ್ತದೆ. ಕೃತಕ ಪಟ್ಟಿಗೆ ಆ ಗಾಯ ಬೇಡ. ಆದರೆ ಕೆಲವರಲ್ಲಿ ಅದು ಅಂಗಾಂಶವನ್ನು ಕೊರೆದು ಹೊರಬರುವುದೂ, ದೀರ್ಘಕಾಲದ ನೋವು ಉಳಿಯುವುದೂ ಉಂಟು. ಈ ಕಾರಣದಿಂದ 2018ರಲ್ಲಿ ಬ್ರಿಟನ್ನಿನಲ್ಲಿ ಜಾಲರಿಯ ಬಳಕೆಗೆ ತಡೆ ಬಿದ್ದಿತು. ಸ್ವಂತ ಪೊರೆಯ ಪಟ್ಟಿಗೆ ಮತ್ತೆ ಮನ್ನಣೆ ದೊರೆಯಿತು. ಶಿರೋಡ್ಕರ್ ಅವರ ಕಾಲದ ಈ ಆಯ್ಕೆಯ ಪ್ರಶ್ನೆ ಇಂದಿಗೂ ಜೀವಂತವಾಗಿದೆ.

ಗೌರವಗಳು ಮತ್ತು ನಿಧನ

ಭಾರತ ಸರ್ಕಾರವು ಇವರಿಗೆ 1960ರಲ್ಲಿ ಪದ್ಮಭೂಷಣ ಹಾಗೂ 1971ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನಿತ್ತು ಗೌರವಿಸಿತು. ಅದೇ ವರ್ಷ ಮಾರ್ಚ್ 7ರಂದು ಶಿರೋಡ್ಕರ್ ಅವರು ನಿಧನರಾದರು.