ಶೇಷಾದ್ರಿ ಅಯ್ಯರ್ ನೋಡದೇ ಹೋದ ಕರೆಂಟ್

ಕೆ. ಶೇಷಾದ್ರಿ ಅಯ್ಯರ್ ಎಂಜಿನಿಯರ್ ಅಲ್ಲ, ಕಾನೂನು ಓದಿದವರು. 1845ರಲ್ಲಿ ಪಾಲಕ್ಕಾಡ್ ಕಡೆ ಹುಟ್ಟಿ, 1868ರಲ್ಲಿ ಮೈಸೂರಿಗೆ ಬಂದು, 1883ರಲ್ಲಿ ದಿವಾನರಾದರು. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಆಗ ಬಾಂಬೆ ಪ್ರೆಸಿಡೆನ್ಸಿ ಒಳಗಿದ್ದವು, ಹಂಗಾಗಿ ಅವರು ನಮಗೆ ದಿವಾನರಲ್ಲ. ಆದ್ರೂ ಗ್ರಿಡ್ ಬಗ್ಗೆ ಓದೋ ನಾವು ಅವರನ್ನ ತಿಳ್ಕೊಂಡಿರಬೇಕು.

ಕೋಲಾರದ ಚಿನ್ನದ ಗಣಿಗಳಿಗೆ ಪವರ್ ಬೇಕಿತ್ತು. ಕಾವೇರಿ ನೋಡಿದ್ರೆ ಶಿವನಸಮುದ್ರದಲ್ಲಿ ಸುಮ್ನೆ ಧುಮುಕ್ತಿತ್ತು. ನಡುವೆ ಸುಮಾರು 147 ಕಿಲೋಮೀಟರ್! ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಪ್ಲಾನ್ ತಂದಾಗ, ಅಷ್ಟು ದೂರ ಕರೆಂಟ್ ಕಳಿಸಿದ ಅನುಭವ ನಮ್ಮ ದೇಶದಲ್ಲಿ ಯಾರಿಗೂ ಇರಲಿಲ್ಲ. ಅದೇ ಹೊತ್ತಿಗೆ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಅಂಥಾ ಟೈಮಲ್ಲೂ ದಿವಾನರು ಈ ಕೆಲಸಕ್ಕೆ ರಾಜ್ಯದ ದುಡ್ಡು ಹಾಕಿದರು. ಫೇಲ್ ಆಗಿದ್ರೆ ಜನ ಅವರನ್ನ ಬಿಡ್ತಿರಲಿಲ್ಲ. ಆದರೆ ಕೊಳ್ಳೋರು ಯಾರು ಅಂತ ಗೊತ್ತಿತ್ತು, ನಮಗೆ ಅವರ ಜಾಣತನ ಕಾಣೋದು ಅಲ್ಲೇ.

ಆರೋಗ್ಯ ಕೆಟ್ಟು 1901ರಲ್ಲಿ ನಿವೃತ್ತರಾದರು, ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಗಣಿಗೆ ಕರೆಂಟ್ ಮುಟ್ಟಿದ್ದು 1902ರ ಜೂನ್ 30ಕ್ಕೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ.

ಒಂದು ತೊಡಕು ಉಳಿದಿತ್ತು. ಗಣಿಯ ಲೋಡ್ ವರ್ಷಪೂರ್ತಿ ಒಂದೇ ಸಮ, ನದಿಯ ನೀರು ಹಂಗಲ್ಲ, ಬೇಸಿಗೇಲಿ ಸಣ್ಣಗಾಗುತ್ತೆ. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗೋಕೆ ಇದೂ ಒಂದು ಕಾರಣ. ಇವತ್ತು ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನವರು ಗಾಳಿ, ಬಿಸಿಲು, ನೀರು ಎಲ್ಲದರ ಕರೆಂಟನ್ನೂ ಡಿಮ್ಯಾಂಡ್ ಜೊತೆ ಹೊಂದಿಸ್ತಾ ಕೂತಿರ್ತಾರೆ. ಅದರಲ್ಲಿ ಆಲಮಟ್ಟಿಯ 290 ಮೆಗಾವ್ಯಾಟ್ ಕೂಡ ಬರುತ್ತೆ. ಅದು ಜೋರಾಗಿ ತಿರುಗೋದು ಮಳೆಗಾಲದಾಗ, ಕೃಷ್ಣೆ ತುಂಬಿ ಬಂದಾಗ. ಆ ಡ್ಯಾಮಿನ ಹಿನ್ನೀರಿನಾಗ ಹಳೇ ಬಾಗಲಕೋಟೆಯ ಎಷ್ಟೋ ಓಣಿ ಮುಳುಗ್ಯಾವ.