ಮೀನಿನ ನಾಡಿ ಹಿಡಿದ ಮರಿಯಾನೆ ಪ್ಲೇನ್

ಮಕ್ಕಳೇ, ಜ್ವರ ಬಂದರೆ ನೀವು ಅವ್ವನಿಗೆ ಹೇಳುತ್ತೀರಿ. ಎಮ್ಮೆಗೆ ಆರಾಮ ಇಲ್ಲದಿದ್ದರೆ ಅದು ಮೇವು ಬಿಡುತ್ತದೆ, ಮನೆಯವರು ಪಶು ಆಸ್ಪತ್ರೆಗೆ ಓಡುತ್ತಾರೆ. ಆದರೆ ಮೀನಿಗೆ ರೋಗ ಬಂದರೆ? ಅದು ಕೂಗುವುದಿಲ್ಲ, ಕೆಮ್ಮುವುದಿಲ್ಲ, ನೀರಿನ ಆಳದಲ್ಲಿ ಏನಾಗುತ್ತಿದೆ ಎಂದು ನಮಗೆ ಕಾಣುವುದೂ ಇಲ್ಲ. ಒಂದು ಬೆಳಿಗ್ಗೆ ಕೆರೆಯ ದಂಡೆಗೆ ಹೋದಾಗ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುವ ಮೀನುಗಳನ್ನು ಕಂಡ ಮೇಲೆಯೇ ಸುದ್ದಿ ತಿಳಿಯುವುದು. ಯಾರೋ ವಿಷ ಹಾಕಿದರು ಎಂದು ಒಬ್ಬರು, ಬಿಸಿಲಿನ ಝಳ ಎಂದು ಇನ್ನೊಬ್ಬರು. ಕೆಲವೊಮ್ಮೆ ಅವರ ಮಾತು ನಿಜವೂ ಇರಬಹುದು. ಆದರೆ ಮೀನಿಗೂ ನಮ್ಮ ಹಾಗೆಯೇ ಸೋಂಕು ರೋಗಗಳು ಬರುತ್ತವೆ, ಅವುಗಳಿಗೆ ಕಣ್ಣಿಗೆ ಕಾಣದ ಜೀವಿಗಳು ಕಾರಣ ಎಂಬುದನ್ನು ಒಂದೊಂದಾಗಿ ಹುಡುಕಿ ತೋರಿಸಿದವರು ಬೇಕಾಯಿತು. ಅಂಥವರಲ್ಲಿ ಮುಂಚೂಣಿಯಲ್ಲಿ ನಿಲ್ಲುವವರು ಜರ್ಮನಿಯ ಮರಿಯಾನೆ ಪ್ಲೇನ್. ಮೀನುಗಳ ರೋಗಶಾಸ್ತ್ರ ಓದುವವರೆಲ್ಲರೂ ಅವರ ಹೆಸರನ್ನು ಓದಿಯೇ ಮುಂದೆ ಹೋಗಬೇಕು.

ಮರಿಯಾನೆ ಹುಟ್ಟಿದ್ದು 1863ರಲ್ಲಿ, ಪಶ್ಚಿಮ ಪ್ರಷ್ಯದ ಲುಬೋಚಿನ್ ಎಂಬಲ್ಲಿ. ಆ ಪ್ರದೇಶ ಈಗ ಪೋಲೆಂಡ್ ದೇಶದಲ್ಲಿದೆ. ತಂದೆ ಜಮೀನುದಾರರು. ಮನೆ ತುಂಬ ಮಕ್ಕಳು. ಅಣ್ಣಂದಿರಾದ ಆಲ್ಬರ್ಟ್ ಮತ್ತು ಫ್ರೀಡ್ರಿಖ್ ಇಬ್ಬರೂ ವೈದ್ಯರಾಗಿ ಆಫ್ರಿಕಾದ ಕ್ಯಾಮರೂನಿಗೆ ಹೋಗಿ ಮಲೇರಿಯಾ ಕುರಿತು ಕೆಲಸ ಮಾಡಿದರು. ಸಹೋದರಿ ರೋಸ್ ಚಿತ್ರಕಲಾವಿದೆಯಾದರು.

ಅಣ್ಣಂದಿರಿಗೆ ತೆರೆದಿದ್ದ ಬಾಗಿಲು ತಂಗಿಗೆ ತೆರೆದಿರಲಿಲ್ಲ. ಆಗ ಜರ್ಮನಿಯ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಪದವಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಬವೇರಿಯ ಪ್ರಾಂತ್ಯ ಅವರನ್ನು ಪೂರ್ಣ ವಿದ್ಯಾರ್ಥಿಗಳಾಗಿ ಒಪ್ಪಿಕೊಂಡದ್ದು 1903ರಲ್ಲಿ, ಪ್ರಷ್ಯ 1908ರಲ್ಲಿ. ಓದಬೇಕೆಂಬ ಹುಡುಗಿಯರು ಗಡಿ ದಾಟಿ ಸ್ವಿಟ್ಜರ್ಲೆಂಡಿನ ಜೂರಿಚ್ ನಗರಕ್ಕೆ ಹೋಗಬೇಕಿತ್ತು. ಅಲ್ಲಿ 1867ರಲ್ಲಿಯೇ ರಷ್ಯದ ನದೇಜ್ದ ಸುಸ್ಲೋವ ವೈದ್ಯಕೀಯದಲ್ಲಿ ಡಾಕ್ಟರೇಟ್ ಪಡೆದಿದ್ದರು. (ಇದು ದೂರದ ಕತೆ ಎಂದು ತಿಳಿಯಬೇಡಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಪ್ರವೇಶ ಪಡೆಯಲು ಪಟ್ಟ ಪಾಡು ಕಡಿಮೆಯದಲ್ಲ. ಮುಂದೆ ಅವರು ಕಮಲಾ ಸೊಹೊನಿ ಎಂದು ಪ್ರಸಿದ್ಧರಾದರು.)

ಇಪ್ಪತ್ತೈದು ದಾಟಿದ ಮೇಲೆ ಮರಿಯಾನೆ ಜೂರಿಚ್ ಸೇರಿ ಪ್ರಾಣಿಶಾಸ್ತ್ರ ಓದಿದರು. ಮುಂದೆ ಜರ್ಮನಿಯ ಹೆಸರಾಂತ ಲೇಖಕಿಯಾದ ರಿಕಾರ್ಡಾ ಹುಖ್ ಅಲ್ಲಿ ಅವರ ಗೆಳತಿ. ಆರಿಸಿಕೊಂಡ ವಿಷಯ ಸಮುದ್ರದ ಚಪ್ಪಟೆಹುಳುಗಳು. ಎಲೆಯಂತೆ ತೆಳ್ಳಗಿನ ಈ ಹುಳುಗಳನ್ನು ಕೂದಲೆಳೆಗಿಂತ ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ. ತಾಳ್ಮೆ ಬೇಕು, ಕೈ ನಡುಗಬಾರದು. 1896ರಲ್ಲಿ ಅವರ ಈ ಅಧ್ಯಯನ ಪ್ರಕಟವಾಯಿತು, ಡಾಕ್ಟರೇಟ್ ದೊರೆಯಿತು. ಆಗ ಅವರಿಗೆ ಸುಮಾರು 33 ವರ್ಷ.

ಅದೇ ದಶಕದ ಕೊನೆಗೆ ಅವರು ಮ್ಯೂನಿಕ್ ನಗರಕ್ಕೆ ಬಂದರು. ಅಲ್ಲಿ ಬ್ರೂನೊ ಹೋಫರ್ ಎಂಬ ವಿಜ್ಞಾನಿ ಮೀನುಗಾರಿಕೆಗಾಗಿಯೇ ಒಂದು ಜೀವಶಾಸ್ತ್ರ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದ್ದರು. ಬವೇರಿಯದಲ್ಲಿ ಗೆಂಡೆ ಮೀನಿನ ಕೊಳಗಳು ಬಹಳ. ಟ್ರೌಟ್ ಎಂಬ ತಣ್ಣೀರಿನ ಮೀನಿನ ಮರಿಗಳನ್ನು ಬೆಳೆಸುವ ಕೇಂದ್ರಗಳೂ ಹೆಚ್ಚುತ್ತಿದ್ದವು. ಚಿಕ್ಕ ಜಾಗದಲ್ಲಿ ಸಾವಿರಾರು ಮೀನು ಸೇರಿಸಿದ ಮೇಲೆ ರೋಗಗಳು ಬರದೇ ಇರುತ್ತವೆಯೇ? ಸಾಕುವವರು ಕಾಯಿಲೆಬಿದ್ದ ಮೀನುಗಳನ್ನು ಈ ಕೇಂದ್ರಕ್ಕೆ ಕಳಿಸತೊಡಗಿದರು. ಅವುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಮರಿಯಾನೆ ಸಹಾಯಕಿಯಾಗಿ ಸೇರಿದರು.

ಮೊದಲು ಅವರ ಕೈಗೆ ಬಂದ ಒಗಟುಗಳಲ್ಲಿ ತಿರುಗುವ ಮೀನಿನದೂ ಒಂದು. ಟ್ರೌಟ್ ಮರಿ ತನ್ನ ಬಾಲವನ್ನು ತಾನೇ ಹಿಡಿಯಲು ಹೊರಟಂತೆ ಬುಗುರಿಯ ಹಾಗೆ ಗಿರಗಿರ ತಿರುಗುತ್ತದೆ. ತಿರುಗಿ ತಿರುಗಿ ದಣಿದು ತಳಕ್ಕೆ ಬೀಳುತ್ತದೆ. ಬಾಲ ಕಪ್ಪಾಗುತ್ತದೆ. ಬದುಕುಳಿದರೆ ತಲೆ, ಬೆನ್ನು ಸೊಟ್ಟ. 1880ರ ದಶಕದಲ್ಲಿ ಅಮೆರಿಕದಿಂದ ಯುರೋಪಿಗೆ ತಂದ ರೇನ್‌ಬೋ ಟ್ರೌಟ್ ಮೀನುಗಳಲ್ಲಿ ಈ ರೋಗ ಜೋರಾಗಿತ್ತು. ಯುರೋಪಿನದೇ ಆದ ಕಂದು ಟ್ರೌಟ್‌ಗೆ ಅಷ್ಟಾಗಿ ತೊಂದರೆಯಿಲ್ಲ. 1903ರಲ್ಲಿ ಹೋಫರ್ ಇದಕ್ಕೆ ಕಾರಣವಾದ ಪರಾವಲಂಬಿಯನ್ನು ವಿವರಿಸಿದರು. ಅದು ಮೀನಿನ ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ್ದು ಮರಿಯಾನೆ.

ನಿಮ್ಮ ಕಿವಿಯ ಹಾಲೆ ಮುಟ್ಟಿ ನೋಡಿ. ಅದರ ಮೇಲ್ಭಾಗದಲ್ಲಿ ಬಾಗುವಂಥ, ಆದರೆ ಗಟ್ಟಿಯಾದ ಭಾಗವಿದೆಯಲ್ಲ, ಅದು ಮೃದ್ವಸ್ಥಿ. ಮೀನಿನ ಮರಿಯ ಅಸ್ಥಿಪಂಜರದಲ್ಲಿ ಬಹುಪಾಲು ಇದೇ ಇರುತ್ತದೆ. ಬೆಳೆದಂತೆ ಅದು ಎಲುಬಾಗುತ್ತದೆ. ಈ ಪರಾವಲಂಬಿಗೆ ಮೃದ್ವಸ್ಥಿಯೇ ಊಟ. ತಲೆಯ, ಬೆನ್ನುಹುರಿಯ ಸುತ್ತಲಿನ ಮೃದ್ವಸ್ಥಿಯನ್ನು ತಿಂದಾಗ ಅಲ್ಲಿ ಬಾವು ಬಂದು ನರಗಳ ಮೇಲೆ ಒತ್ತಡ ಬೀಳುತ್ತದೆ. ಸಮತೋಲನ ತಪ್ಪಿ ಮೀನು ತಿರುಗುತ್ತದೆ. ಬಾಲದ ಬಣ್ಣವನ್ನು ಹತೋಟಿಯಲ್ಲಿಡುವ ನರಕ್ಕೂ ಪೆಟ್ಟು ಬೀಳುವುದರಿಂದ ಬಾಲ ಕಪ್ಪು. ಮರಿಗಳಿಗೇ ಈ ರೋಗ ಏಕೆ ಹೆಚ್ಚು, ದೊಡ್ಡ ಮೀನಿಗೆ ಏಕೆ ಕಡಿಮೆ ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರ ಸಿಕ್ಕಿತು. ಹೀಗೆ ಒಂದು ಕಾರಣ ತಿಳಿದರೆ ನಾಲ್ಕು ಲಕ್ಷಣಗಳು ತಾವಾಗಿಯೇ ಅರ್ಥವಾಗುವುದು ನನಗೆ ಈ ಕತೆಯಲ್ಲಿ ಬಹಳ ಇಷ್ಟವಾದ ಭಾಗ.

ಅದೇ 1903ರಲ್ಲಿ ಅವರು ಗೆಂಡೆ ಮೀನಿನ ರಕ್ತದಲ್ಲಿ ಈಜುವ ಒಂದು ಏಕಕೋಶ ಜೀವಿಯನ್ನು ಗುರುತಿಸಿ ಹೆಸರಿಟ್ಟರು. ಟ್ರಿಪನೋಪ್ಲಾಸ್ಮ ಎಂಬ ಗುಂಪಿಗೆ ಸೇರಿದ ಇದನ್ನು ಮೀನಿನಿಂದ ಮೀನಿಗೆ ಹೊತ್ತೊಯ್ಯುವುದು ಜಿಗಣೆ ಎಂದು ಮುಂದೆ ತಿಳಿಯಿತು. ಇದರ ಕಾಲವನ್ನು ಗಮನಿಸಿ. ನಮ್ಮ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿದರೆ ಸಿಗುವ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು 1897ರ ಆಗಸ್ಟಿನಲ್ಲಿ. ಅತ್ತ ಅಣ್ಣಂದಿರು ಮನುಷ್ಯರ ರಕ್ತದಲ್ಲಿ ಮಲೇರಿಯಾ ನೋಡುತ್ತಿದ್ದರೆ ಇತ್ತ ತಂಗಿ ಮೀನಿನ ರಕ್ತ ನೋಡುತ್ತಿದ್ದರು. ಮನುಷ್ಯರಿಗೆ ಸೊಳ್ಳೆ ಹೇಗೋ ಮೀನಿಗೆ ಜಿಗಣೆ ಹಾಗೆ.

1905ರಲ್ಲಿ ಮೀನಿನ ರಕ್ತನಾಳದೊಳಗೇ ವಾಸಿಸುವ ಪುಟ್ಟ ಹುಳು ಒಂದನ್ನು ಅವರು ವಿವರಿಸಿದರು. ಅದಕ್ಕೆ ಸ್ಯಾಂಗ್ವಿನಿಕೋಲ ಎಂದು ಹೆಸರು, ರಕ್ತವಾಸಿ ಎಂದರ್ಥ. ಅದರ ಮೊಟ್ಟೆಗಳು ಕಿವಿರಿನ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಮೀನಿಗೆ ಉಸಿರು ಕಟ್ಟುತ್ತದೆ. ಇದು ಯಾವ ಕುಟುಂಬದ ಹುಳು? ಮೊದಲು ಅವರು ಸ್ವತಂತ್ರವಾಗಿ ಬದುಕುವ ಚಪ್ಪಟೆಹುಳುಗಳ ಸಾಲಿಗೆ ಸೇರಿಸಿದರು. ಮೂರು ವರ್ಷಗಳ ಬಳಿಕ ಅಭಿಪ್ರಾಯ ಬದಲಿಸಿ ಲಾಡಿಹುಳುಗಳ ಹತ್ತಿರ ತಂದರು. ಕೊನೆಗೆ 1911ರಲ್ಲಿ ಓಡ್ನರ್ ಎಂಬ ವಿಜ್ಞಾನಿ ಅದು ಕುರಿಯ ಪಿತ್ತಕೋಶದ ಹುಳುವಿನ ಬಳಗಕ್ಕೆ ಸೇರಿದ್ದೆಂದು ತೋರಿಸಿದರು. ಕುಟುಂಬದ ಹೆಸರು ಬದಲಾದರೂ ಮರಿಯಾನೆ ಕೊಟ್ಟ ಹೆಸರು ಹಾಗೆಯೇ ಉಳಿಯಿತು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ಟ್ರೌಟ್ ಜಾತಿಯ ಮೀನುಗಳಿಗೆ ಮೈಮೇಲೆ ಕುರು ಎದ್ದು ಸಾಯುವ ಒಂದು ಬ್ಯಾಕ್ಟೀರಿಯಾ ರೋಗವಿದೆ, ಫ್ಯುರಂಕ್ಯುಲೋಸಿಸ್ ಎಂದು ಅದರ ಹೆಸರು. ಎಮ್ಮೆರಿಖ್ ಮತ್ತು ವೈಬೆಲ್ ಎಂಬಿಬ್ಬರು 1894ರಲ್ಲಿ ಬವೇರಿಯದ ಮೀನುಮರಿ ಕೇಂದ್ರದ ಮೀನುಗಳಲ್ಲಿ ಆ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ್ದರು. ಇದು ಸಾಕಿದ ಮೀನಿನ ರೋಗ, ತೊಟ್ಟಿಯ ಇಕ್ಕಟ್ಟಿನಿಂದ ಬರುತ್ತದೆ, ಹರಿಯುವ ನೀರಿನ ಮೀನಿಗೆ ಭಯವಿಲ್ಲ ಎಂದು ಎಲ್ಲರೂ ನಂಬಿದ್ದರು. ಸುಮಾರು ಹದಿನೈದು ವರ್ಷಗಳ ಬಳಿಕ ಮರಿಯಾನೆ ಬವೇರಿಯದ ತೊರೆಗಳಲ್ಲಿ ತಾವಾಗಿ ಬೆಳೆದ ಟ್ರೌಟ್‌ಗಳಲ್ಲೂ ಅದೇ ರೋಗವನ್ನು ಕಂಡರು. ಕೊಳ ಮತ್ತು ಹೊಳೆಯ ನಡುವೆ ರೋಗಕ್ಕೆ ಗೋಡೆಯಿಲ್ಲ ಎಂದು ಇದರಿಂದ ಖಚಿತವಾಯಿತು. ಕೊಳದ ನೀರು ಹೊಳೆಗೆ ಹರಿಯುತ್ತದೆ, ಹೊಳೆಯ ನೀರನ್ನು ಕೊಳಕ್ಕೆ ಬಿಡುತ್ತೇವೆ, ಮರಿಗಳನ್ನು ಕೊಂಡು ತರುತ್ತೇವೆ. ರೋಗವೂ ಅದೇ ದಾರಿಯಲ್ಲಿ ನಡೆಯುತ್ತದೆ.

1911ರಲ್ಲಿ ಮುಲ್ಸೋ ಎಂಬವರೊಡನೆ ಸೇರಿ ಇನ್ನೊಂದು ಪರಾವಲಂಬಿಯನ್ನು ಪ್ರಕಟಿಸಿದಾಗ ಅದಕ್ಕೆ ಹೋಫರ್ ಅವರ ಹೆಸರನ್ನೇ ಇಟ್ಟರು: ಇಕ್ತಿಯೋಫೋನಸ್ ಹೋಫೆರಿ. ಸಾಕಿದ ಟ್ರೌಟ್‌ನಲ್ಲಿ ಕಂಡ ಈ ಜೀವಿ ಮುಂದೆ ಸಮುದ್ರದ ಹೆರಿಂಗ್ ಮೀನುಗಳನ್ನು 1950ರ ದಶಕದಲ್ಲಿ ಕೆನಡಾದ ಕಡೆ, 1991ರಲ್ಲಿ ಯುರೋಪಿನ ಉತ್ತರ ಸಮುದ್ರದಲ್ಲಿ ರಾಶಿ ರಾಶಿಯಾಗಿ ಕೊಂದಿತು.

1912ರಲ್ಲಿ ಅವರು ವಿವರಿಸಿದ ಬ್ರಾಂಕಿಯೋಮೈಸಿಸ್ ಎಂಬ ಶಿಲೀಂಧ್ರ ಮಾತ್ರ ನಮಗೆ ಹತ್ತಿರದ್ದು. ಅದು ಕಿವಿರಿನ ರಕ್ತನಾಳಗಳಲ್ಲಿ ಬೆಳೆದು ರಕ್ತ ಹರಿಯದಂತೆ ಮಾಡುತ್ತದೆ. ಕೆಂಪಗಿರಬೇಕಾದ ಕಿವಿರು ಅಲ್ಲಲ್ಲಿ ಬಿಳುಚಿ ಕೊಳೆತು ಉದುರುತ್ತದೆ. ನೀರು ಬಿಸಿಯಾಗಿ, ಗೊಬ್ಬರ ಮತ್ತು ಪಾಚಿ ಹೆಚ್ಚಾದಾಗ ಇದಕ್ಕೆ ಸುಗ್ಗಿ. ನಮ್ಮ ಕಟ್ಲಾ, ರೋಹು, ಮೃಗಾಲ್ ಮೀನುಗಳಲ್ಲೂ ಈ ರೋಗ ವರದಿಯಾಗಿದೆ. ಸೇಡಂ, ಚಿತ್ತಾಪುರದ ಮೇ ತಿಂಗಳ ಬಿಸಿಲು, ಇಳಿದುಹೋದ ನೀರು, ಮೀನು ಬೇಗ ಬೆಳೆಯಲಿ ಎಂದು ಸುರಿದ ಸೆಗಣಿ, ಇವು ಮೂರೂ ಒಂದೇ ಕೃಷಿ ಹೊಂಡದಲ್ಲಿ ಸೇರಿದರೆ ಏನಾಗಬಹುದು ಎಂದು ನೀವೇ ಊಹಿಸಿ. ಇಂಥ ಹೊಂಡಕ್ಕೆ ಗೊಬ್ಬರ ಮತ್ತು ಆಹಾರ ನಿಲ್ಲಿಸಿ ಹೊಸ ನೀರು ಬಿಡಬೇಕು. ಸತ್ತ ಮೀನುಗಳನ್ನು ತೆಗೆದು ಹೂಳಬೇಕು. ಫಸಲು ತೆಗೆದ ಮೇಲೆ ಹೊಂಡವನ್ನು ಪೂರ್ತಿ ಒಣಗಿಸಿ ಸುಣ್ಣ ಎರಚಬೇಕು. ಸುಣ್ಣದ ಕಲ್ಲಿಗೇನು, ಶಹಾಬಾದ್ ಮತ್ತು ವಾಡಿಯಲ್ಲಿ ನೆಲ ಅಗೆದರೆ ಅದೇ ಸಿಗುತ್ತದೆ.

ಬವೇರಿಯದ ರಾಜ ಮೂರನೆಯ ಲುಡ್ವಿಗ್ 1914ರಲ್ಲಿ ಮರಿಯಾನೆ ಅವರಿಗೆ ಪ್ರೊಫೆಸರ್ ಎಂಬ ಪದವಿ ನೀಡಿದರು. ಆ ಪ್ರಾಂತ್ಯದಲ್ಲಿ ಈ ಗೌರವ ಪಡೆದ ಮೊದಲ ಮಹಿಳೆ ಅವರು. ಹನ್ನೊಂದು ವರ್ಷ ಹಿಂದಿನವರೆಗೆ ಹೆಣ್ಣುಮಕ್ಕಳಿಗೆ ತರಗತಿಯ ಬೆಂಚೂ ಹಕ್ಕಿನಿಂದ ಸಿಗದಿದ್ದ ಜಾಗ ಅದು! 1916ರಲ್ಲಿ ಹೋಫರ್ ತೀರಿಕೊಂಡರು. ಮರಿಯಾನೆ ಕೆಲಸ ಮುಂದುವರಿಸಿದರು. 1924ರಲ್ಲಿ ಮೀನಿನ ರೋಗಗಳನ್ನು ಗುರುತಿಸುವ ಕೈಪಿಡಿ ಬರೆದರು. ನೂರಕ್ಕೂ ಹೆಚ್ಚು ಪ್ರಬಂಧಗಳು ಅವರ ಹೆಸರಿನಲ್ಲಿವೆ. ಮದುವೆಯಾಗಲಿಲ್ಲ. ಮ್ಯೂನಿಕ್ ಹತ್ತಿರದ ಗ್ರಾಫ್‌ರಾಥ್ ಎಂಬ ಊರಿನಲ್ಲಿ 1946ರಲ್ಲಿ ನಿಧನರಾದರು.

ಅವರಿಗೆ ಉತ್ತರ ಸಿಗದೆ ಉಳಿದ ಪ್ರಶ್ನೆಯೊಂದಿತ್ತು. ತಿರುಗುವ ರೋಗದ ಪರಾವಲಂಬಿಯ ಬೀಜಾಣುಗಳನ್ನು ನೇರವಾಗಿ ಮೀನಿಗೆ ತಿನ್ನಿಸಿದರೆ ರೋಗ ಬರುವುದಿಲ್ಲ, ಆದರೆ ಕೆಸರಿನ ಕೊಳದಲ್ಲಿ ಬಿಟ್ಟರೆ ಬರುತ್ತದೆ. ಏಕೆ? ಅಮೆರಿಕದ ಕೆನ್ ವುಲ್ಫ್ ಮತ್ತು ಮರಿಯಾ ಮಾರ್ಕಿವ್ 1984ರಲ್ಲಿ ಇದನ್ನು ಬಿಡಿಸಿದರು. ಬೀಜಾಣುವನ್ನು ಮೊದಲು ಕೆಸರಿನಲ್ಲಿರುವ ಟ್ಯೂಬಿಫೆಕ್ಸ್ ಎಂಬ ಕೆಂಪು ಎಳೆಹುಳು ನುಂಗಬೇಕು. ಅದರೊಳಗೆ ಪರಾವಲಂಬಿ ಪೂರ್ತಿ ಬೇರೆ ರೂಪ ತಾಳಿ, ಹೊರಬಂದು ಮೀನಿನ ಚರ್ಮಕ್ಕೆ ಅಂಟುತ್ತದೆ. ಆ ಎರಡು ರೂಪಗಳನ್ನು ಅಲ್ಲಿಯವರೆಗೆ ಎರಡು ಬೇರೆ ಬೇರೆ ಜೀವಿಗಳೆಂದೇ ವಿಜ್ಞಾನಿಗಳು ತಿಳಿದಿದ್ದರು. ಮರಿಯಾನೆಯವರ ಪ್ರಬಂಧಕ್ಕೂ ಈ ಉತ್ತರಕ್ಕೂ ನಡುವೆ ಸುಮಾರು 80 ವರ್ಷ.

ಭಾರತಕ್ಕೂ ಇಂಥದೊಂದು ಪೆಟ್ಟು ಬಿತ್ತು. 1988ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಮೀನುಗಳ ಮೈಮೇಲೆ ಆಳವಾದ ಹುಣ್ಣು ಬೀಳುವ ರೋಗ ಕಾಣಿಸಿ, ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಹಬ್ಬಿತು. ಅಫನೊಮೈಸಿಸ್ ಎಂಬ, ಶಿಲೀಂಧ್ರದಂಥ ಜೀವಿ ಇದಕ್ಕೆ ಕಾರಣ. ಹೊಳೆಯ ಮುರೆಲ್ ಮೀನು, ಗದ್ದೆಯ ಮೀನು, ಸಾಕಿದ ಮೀನು ಎಂಬ ಭೇದವನ್ನು ಅದು ಮಾಡಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ನೀರು ಹಳ್ಳಕ್ಕೆ, ಹಳ್ಳ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ. ಹೊಂಡದಿಂದ ತಪ್ಪಿಸಿಕೊಂಡ ಮೀನಿಗೂ ದಾರಿ ಅದೇ. ಹಾಗಾಗಿ ರೋಗದ ಹೊಂಡದ ನೀರನ್ನು ಹಳ್ಳಕ್ಕೆ ಬಿಡಬಾರದು. ಮೀನು ಸಾಯತೊಡಗಿದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು. ಪರೀಕ್ಷೆಗೆ ಸತ್ತು ಊದಿದ ಮೀನಿಗಿಂತ ಇನ್ನೂ ಉಸಿರಾಡುತ್ತಿರುವ ರೋಗಿ ಮೀನು ಬೇಕು. ಸತ್ತ ಮೀನು ಬೇಗ ಕೊಳೆಯುವುದರಿಂದ ರೋಗದ ಗುರುತು ಅಳಿಸಿಹೋಗುತ್ತದೆ.

ಮಾಡಿ ನೋಡಿ: ಸಂತೆಯಿಂದ ಮನೆಗೆ ಮೀನು ತಂದಾಗ ತಲೆಯ ಪಕ್ಕದ ಮುಚ್ಚಳವನ್ನು ದೊಡ್ಡವರಿಂದ ಎತ್ತಿಸಿ, ಶಾಲೆಯ ಭೂತಗನ್ನಡಿಯಿಂದ ಕಿವಿರನ್ನು ನೋಡಿ. ಬಾಚಣಿಗೆಯಂಥ ಎಳೆಗಳು ಎಷ್ಟು ಸಾಲು? ಬಣ್ಣ ಎಲ್ಲ ಕಡೆ ಒಂದೇ ಇದೆಯೇ? ರೆಕ್ಕೆಯ ಬುಡದಲ್ಲಿ ಚಪ್ಪಟೆಯಾದ, ಹಸಿರು ಮಿಶ್ರಿತ ಕಂದು ಚುಕ್ಕೆಯಂಥ ಹೇನು ಅಂಟಿದೆಯೇ? ನೋಡಿದ್ದನ್ನು ಚಿತ್ರ ಬರೆದು ದಿನಾಂಕ ಹಾಕಿಡಿ. ಆಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ.