ಹಗುರ ಟ್ಯಾಂಕಿನ ಶಿಲ್ಪಿ ತೊಮಿಯೊ ಹರಾ

ಮಹಾರಾಷ್ಟ್ರದ ಅಹಮದ್‌ನಗರದಲ್ಲಿ (ಈಗಿನ ಅಹಿಲ್ಯಾನಗರ) ಭಾರತೀಯ ಸೇನೆಯ ಟ್ಯಾಂಕ್ ವಸ್ತುಸಂಗ್ರಹಾಲಯವಿದೆ. ಅಲ್ಲಿನ ದೈತ್ಯ ಯಂತ್ರಗಳ ನಡುವೆ ನಿಂತಿರುವ ಜಪಾನಿನ ‘ಹಾ-ಗೊ’ ಟ್ಯಾಂಕ್ ಆಟಿಕೆಯಂತೆ ತೋರುತ್ತದೆ. ಪೆಸಿಫಿಕ್ ಯುದ್ಧದ ಮೊದಲ ತಿಂಗಳುಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಸೇನೆಯನ್ನು ತಲ್ಲಣಗೊಳಿಸಿದ ವಾಹನಗಳಲ್ಲಿ ಇದೂ ಒಂದು. ಇದರ ಹಿಂದಿದ್ದ ಪ್ರಮುಖ ವಿನ್ಯಾಸಕಾರ ಸೇನಾಧಿಕಾರಿ, ಎಂಜಿನಿಯರ್ ತೊಮಿಯೊ ಹರಾ. ಜಪಾನಿನ ಟ್ಯಾಂಕುಗಳ ಪಿತಾಮಹ ಎಂದೇ ಅವರು ಪ್ರಸಿದ್ಧರು.

ಮೊದಲ ಹೆಜ್ಜೆ

ಹರಾ ಜನಿಸಿದ್ದು 1895ರಲ್ಲಿ. ಮೊದಲ ಮಹಾಯುದ್ಧ ಮುಗಿಯುವ ವೇಳೆಗೆ ಜಪಾನಿನ ಬಳಿ ಸ್ವಂತದ್ದೆನ್ನುವ ಒಂದು ಟ್ಯಾಂಕೂ ಇರಲಿಲ್ಲ. ಬ್ರಿಟನ್ ಮತ್ತು ಫ್ರಾನ್ಸ್‌ಗಳಿಂದ ಕೊಂಡು ತಂದ ಕೆಲವು ಯಂತ್ರಗಳೇ ಅದರ ಬಂಡವಾಳ. ಮೋಟಾರು ಕೈಗಾರಿಕೆ ಇನ್ನೂ ಅಂಬೆಗಾಲಿಡುತ್ತಿದ್ದ ದೇಶವದು. ಹೀಗಿದ್ದರೂ ಟ್ಯಾಂಕನ್ನು ದೇಶದಲ್ಲಿಯೇ ನಿರ್ಮಿಸಬೇಕೆಂಬ ನಿಲುವು ತಳೆದವರಲ್ಲಿ ಹರಾ ಒಬ್ಬರು. 1925ರಲ್ಲಿ ಕೆಲಸ ಆರಂಭವಾಯಿತು. ಬೆರಳೆಣಿಕೆಯಷ್ಟು ಎಂಜಿನಿಯರುಗಳ ತಂಡಕ್ಕೆ ಹರಾ ಅವರದೇ ಮುಂದಾಳತ್ವ. ಒಸಾಕಾದ ಶಸ್ತ್ರಾಗಾರದಲ್ಲಿ 1927ರ ಫೆಬ್ರುವರಿಯಲ್ಲಿ ಮೊದಲ ಟ್ಯಾಂಕ್ ಸಿದ್ಧವಾಯಿತು. ತೂಕ 18 ಟನ್. ಅದು ಸೇನೆ ಬಯಸಿದ್ದಕ್ಕಿಂತ ಹೆಚ್ಚು ಭಾರವಾಗಿತ್ತು, ನಿಧಾನವಾಗಿತ್ತು. ಆದರೂ ಫ್ಯೂಜಿ ಪರ್ವತದ ಬುಡದಲ್ಲಿ ನಡೆದ ಪರೀಕ್ಷೆಯಲ್ಲಿ ಅದು ಚಲಿಸಿದಾಗ, ಜಪಾನಿಗೆ ಈ ವಿದ್ಯೆ ದಕ್ಕುತ್ತದೆ ಎಂಬ ಭರವಸೆ ಮೂಡಿತು.

ಈ ಟ್ಯಾಂಕಿನ ಚಕ್ರಗಳಿಗೆ ಹರಾ ರೂಪಿಸಿದ ಸ್ಪ್ರಿಂಗ್ ವ್ಯವಸ್ಥೆ ಮುಂದೆ ಹಲವು ಜಪಾನಿ ಟ್ಯಾಂಕುಗಳಿಗೆ ಆಧಾರವಾಯಿತು. ಚಕ್ರಗಳ ಜೋಡಿಗಳನ್ನು ಬಾಗಿದ ತೋಳುಗಳ ಮೂಲಕ ಅಡ್ಡಡ್ಡವಾಗಿ ಮಲಗಿಸಿದ ಸುರುಳಿ ಸ್ಪ್ರಿಂಗಿಗೆ ಜೋಡಿಸುವ ಸರಳ ಕ್ರಮವದು.

ಲಾರಿಯ ವೇಗದ ಟ್ಯಾಂಕ್

1933ರಲ್ಲಿ ಉತ್ತರ ಚೀನಾದ ರೆಹೆ ಪ್ರಾಂತ್ಯದ ಮೇಲೆ ದಂಡೆತ್ತಿ ಹೋದಾಗ ಜಪಾನಿ ಸೇನೆಗೆ ಹೊಸ ಸಮಸ್ಯೆಯೊಂದು ಎದುರಾಯಿತು. ಗಂಟೆಗೆ 25 ಕಿ.ಮೀ. ಓಡುವ 89ನೇ ಮಾದರಿಯ ಟ್ಯಾಂಕುಗಳು ಸೈನಿಕರನ್ನು ಹೊತ್ತ ಲಾರಿಗಳಿಗಿಂತ ಹಿಂದೆ ಉಳಿದವು. ಲಾರಿಗಳೊಡನೆ ಸಾಗಬಲ್ಲ ಹಗುರ ಟ್ಯಾಂಕ್ ಬೇಕೆಂಬ ಬೇಡಿಕೆಗೆ ಉತ್ತರವೇ ಹಾ-ಗೊ. 1934ರ ಜೂನ್‌ನಲ್ಲಿ ಮೊದಲ ಮಾದರಿ ಹೊರಬಂತು. ಅದರ ತೂಕವನ್ನು ಇಳಿಸಿ ಮಂಚೂರಿಯಾದ ಕೊರೆಯುವ ಚಳಿಯಲ್ಲಿ ಪರೀಕ್ಷಿಸಲಾಯಿತು. ಜಪಾನಿ ಶಕೆಯ 2595, ಅಂದರೆ 1935ನೇ ವರ್ಷದ ಕೊನೆಯ ಅಂಕಿಗಳಿಂದ ಅದಕ್ಕೆ 95ನೇ ಮಾದರಿ ಎಂಬ ಅಧಿಕೃತ ಹೆಸರು ಬಂತು.

ಸುಮಾರು 7.4 ಟನ್ ತೂಕ, 37 ಮಿ.ಮೀ. ಫಿರಂಗಿ, ಮೂವರು ಸಿಬ್ಬಂದಿ. ಮಿತ್ಸುಬಿಷಿಯ 120 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಗಾಳಿಯಿಂದಲೇ ತಣಿಯುತ್ತಿದ್ದುದರಿಂದ ಚಳಿಗೆ ನೀರು ಹೆಪ್ಪುಗಟ್ಟುವ ಭಯವಿರಲಿಲ್ಲ. ಪೆಟ್ರೋಲಿಗಿಂತ ಬೆಂಕಿಯ ಅಪಾಯವೂ ಕಡಿಮೆ. ಬಿಸಿಲಿನ ತಾಪ ತಟ್ಟದಂತೆ ಒಳಗೋಡೆಗೆ ಕಲ್ನಾರಿನ ಹೊದಿಕೆಯಿತ್ತು. ಮಂಚೂರಿಯಾದ ಜೋಳದ ಹೊಲಗಳಲ್ಲಿ ಮಾತ್ರ ತೊಡಕಾಯಿತು. ಸಾಲುಗಳ ಅಂತರ ಚಕ್ರಗಳ ಅಂತರಕ್ಕೆ ತಾಳೆಯಾಗಿ ಟ್ಯಾಂಕ್ ತೊಟ್ಟಿಲಿನಂತೆ ತೂಗತೊಡಗಿತು. ಚಕ್ರಗಳ ನಡುವೆ ಚಿಕ್ಕ ಚಕ್ರವೊಂದನ್ನು ಸೇರಿಸಿ ಅಲ್ಲಿಗೆಂದೇ ಪ್ರತ್ಯೇಕ ರೂಪ ಸಿದ್ಧಪಡಿಸಲಾಯಿತು.

12 ಮಿಲಿಮೀಟರಿನ ಪ್ರಶ್ನೆ

ನಿಜವಾದ ವಿವಾದ ಎದ್ದದ್ದು ಕವಚದ ಬಗ್ಗೆ. ಅತಿ ದಪ್ಪನೆಯ ಭಾಗದಲ್ಲಿಯೂ ಉಕ್ಕು 12 ಮಿ.ಮೀ. ಮೀರಿರಲಿಲ್ಲ. ವೇಗವೇ ಮುಖ್ಯವೆಂದ ಅಶ್ವದಳ ಒಪ್ಪಿತು. ಶತ್ರುವಿನ ಗುಂಡಿನ ಎದುರು ನಿಧಾನವಾಗಿ ಮುನ್ನಡೆಯಬೇಕಾದ ಕಾಲ್ದಳಕ್ಕೆ ಇದು ಸಾಲದೆನಿಸಿತು. ಕವಚ ಹೆಚ್ಚಿಸಿದರೆ ತೂಕ ಹೆಚ್ಚಿ ವೇಗ ಕುಗ್ಗುತ್ತಿತ್ತು. ಕೊನೆಗೆ ವೇಗವೇ ಗೆದ್ದಿತು. ಗೋಪುರದಲ್ಲಿ ಒಬ್ಬನಿಗಷ್ಟೇ ಜಾಗ. ದಳಪತಿಯೇ ಶತ್ರುವನ್ನು ಹುಡುಕಬೇಕು, ಫಿರಂಗಿಗೆ ಗುಂಡು ತುಂಬಬೇಕು, ಹಾರಿಸಬೇಕು. 1939ರಲ್ಲಿ ಮಂಗೋಲಿಯಾದ ಗಡಿಯ ಖಾಲ್ಖಿನ್ ಗೋಲ್‌ನಲ್ಲಿ ಸೋವಿಯತ್‌ನ 45 ಮಿ.ಮೀ. ಫಿರಂಗಿಗಳು ಕಾಲ್ದಳದ ಆತಂಕವನ್ನು ನಿಜವಾಗಿಸಿದವು.

ಮಲಯಾದಿಂದ ಇಂಫಾಲಕ್ಕೆ

ಆದರೆ ಮಲಯಾದಲ್ಲಿ ಎದುರಾಳಿಗಳ ಬಳಿ ಟ್ಯಾಂಕುಗಳೇ ಇರಲಿಲ್ಲ. ಅಲ್ಲಿದ್ದ ಭಾರತೀಯ ಸೈನಿಕರಲ್ಲಿ ಅನೇಕರು ಅಲ್ಲಿಯವರೆಗೆ ಟ್ಯಾಂಕನ್ನು ಕಣ್ಣಿನಿಂದಲೂ ಕಂಡವರಲ್ಲ. 1942ರ ಜನವರಿ 7ರಂದು ಸ್ಲಿಮ್ ನದಿಯ ರಸ್ತೆಯಲ್ಲಿ 97ನೇ ಮತ್ತು 95ನೇ ಮಾದರಿಯ ಕೆಲವೇ ಟ್ಯಾಂಕುಗಳು ಕತ್ತಲಲ್ಲಿ ನುಗ್ಗಿ 11ನೇ ಭಾರತೀಯ ಡಿವಿಷನ್ನಿನ ಎರಡು ಬ್ರಿಗೇಡುಗಳನ್ನು ಛಿದ್ರಗೊಳಿಸಿದವು. ನಾಲ್ಕು ದಿನಗಳಲ್ಲಿ ಕೌಲಾಲಂಪುರ, ಫೆಬ್ರುವರಿ 15ರಂದು ಸಿಂಗಪುರ ಪತನಗೊಂಡವು. ಅಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯರ ಪೈಕಿ ಮೈಸೂರು ಸಂಸ್ಥಾನದ ಕಾಲ್ದಳದವರೂ ಇದ್ದರು.

ಎರಡೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 1944ರ ಮಾರ್ಚ್‌ನಲ್ಲಿ ಇಂಫಾಲದತ್ತ ಹೊರಟ ಹಾ-ಗೊಗಳಿಗೆ ಬರ್ಮಾ ಗಡಿಯ ತಾಮು ಬಳಿ 75 ಮಿ.ಮೀ. ಫಿರಂಗಿಯ, ಸುಮಾರು 27 ಟನ್ ತೂಕದ ಲೀ ಟ್ಯಾಂಕುಗಳು ಎದುರಾದವು. 37 ಮಿ.ಮೀ. ಗುಂಡುಗಳು ಅವುಗಳ ಮೇಲೆ ಪರಿಣಾಮ ಬೀರಲಿಲ್ಲ. ಹಾ-ಗೊಗಳು ಹೊತ್ತಿ ಉರಿದವು.

ಹೊಸ ವಿನ್ಯಾಸಗಳಿಗೆ ಕೊರತೆಯಿರಲಿಲ್ಲ. ಸ್ಪ್ರಿಂಗುಗಳನ್ನು ಒಡಲಿನೊಳಗೆ ಅಡಗಿಸಿದ 98ನೇ ಮಾದರಿಯ ಹಗುರ ಟ್ಯಾಂಕ್ ಇನ್ನಷ್ಟು ಸುಧಾರಿತವಾಗಿತ್ತು. ಆದರೆ ಉಕ್ಕಿನ ಹಂಚಿಕೆಯಲ್ಲಿ ಹಡಗು, ವಿಮಾನಗಳಿಗೇ ಮೊದಲ ಪಾಲು. ಆ ಟ್ಯಾಂಕುಗಳ ಸಂಖ್ಯೆ ನೂರರ ಆಸುಪಾಸಿನಲ್ಲಿಯೇ ನಿಂತಿತು. ಸುಮಾರು 2,300ರಷ್ಟು ತಯಾರಾಗಿದ್ದ ಹಳೆಯ ಹಾ-ಗೊ ಯುದ್ಧದ ಕೊನೆಯವರೆಗೂ ದುಡಿಯಬೇಕಾಯಿತು.

ಹರಾ ಲೆಫ್ಟಿನೆಂಟ್ ಜನರಲ್ ಹುದ್ದೆಗೆ ಏರಿದರು. ಯುದ್ಧಾನಂತರ ತಾವು ಕಟ್ಟಿದ ಟ್ಯಾಂಕುಗಳ ಇತಿಹಾಸವನ್ನು ಬರೆದಿಟ್ಟರು. ಇಂದಿನ ಸಂಶೋಧಕರಿಗೆ ಆ ಬರಹಗಳು ಅಮೂಲ್ಯ ಆಕರ. 1990ರಲ್ಲಿ ಅವರು ನಿಧನರಾದರು. 1935ರ ಅಗತ್ಯಕ್ಕೆ ಅವರ ಟ್ಯಾಂಕ್ ಸಮರ್ಥ ಉತ್ತರವಾಗಿತ್ತು. ಹತ್ತು ವರ್ಷಗಳ ನಂತರವೂ ಅದನ್ನೇ ರಣರಂಗಕ್ಕೆ ಕಳುಹಿಸಿದ ತೀರ್ಮಾನದ ಬೆಲೆಯನ್ನು ತೆತ್ತವರು ಆ ತೆಳು ಉಕ್ಕಿನೊಳಗೆ ಕುಳಿತಿದ್ದ ಮೂವರು.